ಒಂದು 'ನೋ'ಗೆ ನಿಂತ ಲೇತ್‌ಗಳು

ಒಂದು 'ನೋ' ನನ್ನ ಮೂರು ದಿನದ ಕೆಲಸವನ್ನು ತಿಂದಿತು. ಪ್ರಶ್ನೆ ಕೇಳಿದ್ದು ಕನ್ನಡದ ಬುದ್ಧಿಯಲ್ಲಿ, ಉತ್ತರ ಬಂದದ್ದು ಇಂಗ್ಲಿಷಿನಲ್ಲಿ, ಅಷ್ಟೇ ಕಾರಣ.

ಹೆಲ್ಪರ್ ಆಗಿ ಸೇರಿ ಮಾಲೀಕನಾದವನು ನಾನು. ತುಮಕೂರಿನಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್. ಎರಡು ವರ್ಷದ ಹಿಂದೆ, ಹೊರದೇಶದ ಅಣುವಿದ್ಯುತ್ ಸ್ಥಾವರವೊಂದರ ಪಂಪುಗಳಿಗೆ ಸೀಲ್ ರಿಂಗ್, ಅಂದರೆ ನೀರು ಸೋರದಂತೆ ತಡೆಯುವ ಬಳೆ, ಮಾಡಿಕೊಡುವ ಆರ್ಡರ್ ಹಿಡಿದೆ. ಅದಕ್ಕೆಂದೇ ಆರು ಜನರನ್ನು ಹೊಸದಾಗಿ ತೆಗೆದುಕೊಂಡೆ. ಅವರಲ್ಲಿ ಅಳತೆ ನೋಡುವ ಮಂಗಳಾ, ಗುಬ್ಬಿಯಲ್ಲಿದ್ದ ಅಂಗಡಿ ಕೆಲಸ ಬಿಟ್ಟು, ನಿಟ್ಟೂರಿನಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು.

ಅಷ್ಟರಲ್ಲಿ ಆ ದೇಶದಲ್ಲಿ ಜನಮತಗಣನೆ ಬಂತು. ಸ್ಥಾವರ ನಡೆಸಬೇಕೋ ಮುಚ್ಚಬೇಕೋ ಎಂದು ಇಡೀ ದೇಶ ವೋಟು ಹಾಕಿ ತೀರ್ಮಾನಿಸುವುದು. ಮುಚ್ಚಿದರೆ ನಮ್ಮ ಆರ್ಡರ್ ರದ್ದು, ಆರು ಜನ ಮನೆಗೆ. ಕುಣಿಗಲ್ ಕಡೆಯ ಫೋರ್‌ಮನ್ ರಂಗಣ್ಣ, "ನಮ್ಮೂರ್ ಪಂಚಾಯ್ತಿ ಎಲೆಕ್ಷನ್ನಾಗಿದ್ರೆ ನಾನೇ ನಾಕು ಮನೆ ಸುತ್ತಿ ಬರ್ತಿದ್ದೆ ಸಾ" ಅಂದ.

ಎಣಿಕೆ ಮುಗಿದ ಬೆಳಿಗ್ಗೆ ಅಲ್ಲಿನ ಏಜೆಂಟನಿಗೆ ಫೋನ್ ಹಚ್ಚಿದೆ.

"ಪ್ಲಾಂಟ್ ನಾಟ್ ಕ್ಲೋಸಿಂಗ್?"

"ನೋ, ನೋ," ಎಂದು, ಮೀಟಿಂಗ್ ಇದೆಯೆಂದು ಇಟ್ಟುಬಿಟ್ಟ.

ಹಾಗಾದರೆ ಮುಚ್ಚುತ್ತದೆ ಎಂದುಕೊಂಡೆ. ಏಜೆಂಟನೇ ಹೇಳಿದ ಮೇಲೆ ಸುದ್ದಿ ನೋಡುವ ಮನಸ್ಸೂ ಆಗಲಿಲ್ಲ. ಲೇತ್‌ಗಳನ್ನು ನಿಲ್ಲಿಸಿ, ಹೊಸಬರಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳಿದೆ.

ಮೂರನೆಯ ದಿನ ಮಂಗಳಾ ಅಳತೆಯ ಗೇಜ್ ಒಪ್ಪಿಸಲು ಬಂದಳು. ಹೋಗಲಿಲ್ಲ, ನಿಂತೇ ಇದ್ದಳು. "ಸಾರ್, ನೀವು ಕೇಳಿದ್ದೇನು, ಅವ್ರು ಅಂದಿದ್ದೇನು, ಹಂಗಂಗೇ ಹೇಳಿ."

ಹೇಳಿದೆ.

"'ಮುಚ್ಚಲ್ಲ ಅಲ್ವಾ' ಅಂದ್ರೆ ನಾವು 'ಹೂಂ, ಮುಚ್ಚಲ್ಲ' ಅಂತೀವಿ. ಅವ್ರು ಅದನ್ನೇ 'ನೋ' ಅಂತಾರೆ. ಮುಚ್ಚಲ್ಲ ಅಂತಾನೇ ಹೇಳವ್ರೆ ಸಾರ್."

ಕೂಡಲೇ ಫೋನ್ ಮಾಡಿದೆ. ನಡೆಸಲಿ ಎಂದವರೇ ಗೆದ್ದಿದ್ದರು. ಮಾಲು ಯಾವಾಗ ಕಳಿಸುತ್ತೀರೆಂದು ಏಜೆಂಟನೇ ಗದರಿದ. ಆ ಗದರಿಕೆ ಕಿವಿಗೆ ತಂಪಾಯಿತು. ಆದರೂ ವ್ಯಾಪಾರಿ ವ್ಯಾಪಾರಿಯೇ: ಉಸಿರು ಬಿಡುತ್ತಲೇ ಹತ್ತು ದಿನದ ವಾಯಿದೆ ಕೇಳಿ, ಒಂದು ವಾರಕ್ಕೆ ಒಪ್ಪಿಸಿದೆ. ಆರು ಜನರಿಗೂ ನಾನೇ ಫೋನ್ ಮಾಡಿ ಕರೆದೆ.

"ದೇಸಕ್ ದೇಸವೇ ಸೇರಿ ಉಳಿಸ್ಕೊಂಡಿದ್ದನ್ನ ನೀವೊಬ್ರೇ ಮುಚ್ಚಿಬುಟ್ರಲ್ಲ ಸಾ," ಎಂದು ರಂಗಣ್ಣ ಸ್ವಿಚ್ ಹಾಕಿದ.

ನೀವೂ ಫೋನಿನಲ್ಲಿ ವ್ಯವಹಾರ ಮಾಡುವವರಾದರೆ ಒಂದು ಮಾತು. ಪ್ರಶ್ನೆಯೊಳಗೆ 'ಇಲ್ಲ', 'ಅಲ್ಲ' ಸೇರಿಸಬೇಡಿ. ನಡೆಯುತ್ತದೋ, ಮುಚ್ಚುತ್ತದೋ ಎಂದು ಎರಡನ್ನೂ ಮುಂದಿಟ್ಟು ಕೇಳಿ. ಉತ್ತರ ಒಂದೇ ಪದದಲ್ಲಿ ಬಂದರೆ ಒಪ್ಪಬೇಡಿ, ವಾಕ್ಯ ಪೂರ್ತಿ ಹೇಳಿಸಿ. ಅಷ್ಟಾಗುವವರೆಗೆ ಯಾರನ್ನೂ ಮನೆಗೆ ಕಳಿಸಬೇಡಿ.