ಸಿರುಗುಪ್ಪದ ಲಾಗ ಟೇಬಲ್ಲು

ಪಿಯುಸಿ ಓದಾಕ ಬಳ್ಳಾರಿಗೆ ಬಂದಾಗ ನನಗ ಅರ್ಧ ಹುಚ್ಚು ಹಿಡಿದಿತ್ತು ಅಂದ್ರೂ ತಪ್ಪಿಲ್ಲ. ಎಪ್ಪತ್ತರ ದಶಕದ ಮಾತಿದು. ಹಚ್ಚೊಳ್ಳಿ ಕಡೆ ಭತ್ತದ ಗದ್ದಿಯಾಗ ಬೆಳೆದಾಕಿ, ಸಿರುಗುಪ್ಪದ ಹೈಸ್ಕೂಲಿನಾಗ ಕನ್ನಡದಾಗೇ ಓದಿದಾಕಿ, ಬೀಜಗಣಿತ ಅಂದ್ರ ಪ್ರಾಣ ಬಿಡ್ತಿದ್ದೆ. ಯಾಕ ಅಂತ ಕೇಳಬ್ಯಾಡ್ರಿ. ಗೊತ್ತಿಲ್ಲದ್ದಕ್ಕ ಎಕ್ಸ್ ಅಂತ ಹೆಸರಿಟ್ಟು, ಉಳಿದವರನ್ನೆಲ್ಲ ಸಮ ಗುರುತಿನ ಆಚಿಗೆ ಅಟ್ಟಿ, ಅದನ್ನ ಒಬ್ಬಂಟಿ ಮಾಡಿ, ಕಡೀಕ ಕೊರಳಪಟ್ಟಿ ಹಿಡಿದು ‘ನೀ ಏಳು ಅದೀಯಲೇ!’ ಅನ್ನೋದೈತಲ್ಲ, ಆ ಖುಷಿ ನನಗ ಹೋಳಿಗಿಯಾಗೂ ಸಿಕ್ಕಿಲ್ಲ, ಹೊಸ ಸೀರಿಯಾಗೂ ಸಿಕ್ಕಿಲ್ಲ. ಅಪ್ಪಗ ಇದು ಹೇಳಿದ್ರ, ‘ಸಿಕ್ಕಿದ್ದು ಏಳು ಅಂತ ಮೊದಲೇ ಹೇಳಿದ್ರ ಇಷ್ಟು ತಿಣುಕೋದು ತಪ್ತಿತ್ತಲ್ಲವ್ವಾ’ ಅಂತಿದ್ದ. ಆದ್ರೂ ಕಳಿಸಿದ. ಬಳ್ಳಾರಿಯಾಗ ಚಿಗವ್ವನ ಮನಿಯಾಗ ಇಟ್ಟ.

ಗಣಿತದ ಕ್ಲಾಸಿನಾಗ ಹುಡುಗೀರು ಇಬ್ಬರೇ. ನಾನೊಬ್ಬಾಕಿ, ದಿನಾ ಕುರುಗೋಡಿನಿಂದ ಬಸ್ಸಿಗೆ ಬರ್ತಿದ್ದ ಇನ್ನೊಬ್ಬಾಕಿ. ಮೊದಲನೇ ದಿನ ಒಂದೇ ಬೆಂಚಿಗೆ ಕುಂತ್ವಿ, ಐದು ನಿಮಿಷಕ್ಕ ನಗಾಕ ಸುರು ಮಾಡಿದ್ವಿ. ಯಾಕ ನಕ್ವಿ ಅಂತ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಲೆಕ್ಚರರು ಆಂಧ್ರದ ಕಡೆಯವರು. ಪಾಠ ಇಂಗ್ಲಿಷಿನಾಗ, ಬೈಗುಳ ಕನ್ನಡದಾಗ, ನಡುನಡುವೆ ತಡೀಲಾರದಷ್ಟು ತೆಲುಗು. ನಮ್ಮ ನಗಿ ನೋಡಿ ಸುಣ್ಣದ ಕಡ್ಡಿ ಟೇಬಲ್ ಮ್ಯಾಲೆ ಕುಟ್ಟಿ, ‘ಈ ಕ್ಲಾಸಿಗೆ ಕೆಲವು ನಿಯಮ ಉನ್ನಾಯಿ, ಇವೆ’ ಅಂತ ಬೋರ್ಡಿನ ಕಡೆ ತಿರುಗಿದ್ರು.

ಬರದ್ರು ನೋಡ್ರಿ, ಬೋರ್ಡು ತುಂಬ. ಹಾಜರಿ ನೂರಕ್ಕ ಎಪ್ಪತ್ತೈದು, ಬಸ್ಸು ಕೆಟ್ಟಿತ್ತು ಅನ್ನೋದು ಕಾರಣ ಅಲ್ಲ. ಮಾರ್ಜಿನ್ ಹೊಡದ ಉದ್ದನ ನೋಟ್‌ಬುಕ್ಕು. ಸೋಮವಾರ ಹೋಮ್‌ವರ್ಕು. ಬರೇ ಉತ್ತರ ಬರದ್ರ ಸೊನ್ನಿ, ಬಂದ ದಾರಿ ತೋರಿಸಬೇಕು. ಲಾಗ್ ಟೇಬಲ್ ಕಡ್ಡಾಯ, ಅದಿಲ್ಲದವರಿಗೆ ಟೆಸ್ಟಿನ ಬಾಗಿಲು ಬಂದ್. ಎಲ್ಲಕ್ಕೂ ಕೆಳಗ, ಎರಡು ಗೆರಿ ಎಳದು: ಮೊದಲ ಟೆಸ್ಟಿನಾಗ ನೂರಕ್ಕ ಮೂವತ್ತೈದು ಬರದವರು ಆರ್ಟ್ಸಿಗೆ ಹೋಗಬೇಕು.

ಅದನ್ನ ಓದಿದ ಕೂಡ್ಲೇ ನಮ್ಮ ನಗಿ ಅರ್ಧಕ್ಕ ನಿಂತ್ಹೋತು. ಆರ್ಟ್ಸು ಕೆಟ್ಟದ್ದಂತಲ್ಲ. ಆದ್ರ ಕುರುಗೋಡಿನಾಕಿಗೆ ಅವರಣ್ಣ ಹೇಳಿಬಿಟ್ಟಿದ್ದ: ‘ಗಣಿತ ಆದ್ರ ಬಳ್ಳಾರಿ. ಆರ್ಟ್ಸ್ ಆದ್ರ ಮನಿಯಾಗ ಕುಂತು ಓದು, ಪುಸ್ತಕ ನಾ ತಂದು ಕೊಡ್ತೀನಿ.’ ನಮ್ಮಪ್ಪಂದೂ ಅದೇ ರಾಗ. ಅಂದ್ರ ಆ ಮೂವತ್ತೈದು ಬಂದ್ರ ಇಬ್ಬರೂ ಈ ಬೆಂಚಿನಾಗ, ಬರಲಿಲ್ಲ ಅಂದ್ರ ಅಕಿ ಅಕಿ ಊರಿಗೆ, ನಾ ನನ್ನ ಊರಿಗೆ. ‘ಲೇ, ಇಬ್ಬರೂ ಪಾಸಾಗಬೇಕು, ಒಬ್ಬರಾದ್ರ ನಡಿಯಂಗಿಲ್ಲ’ ಅಂದ್ಲು ಅಕಿ. ‘ನಿನ್ನ ಬಿಟ್ಟು ನಾನೊಬ್ಬಾಕಿ ಈ ಹುಡುಗರ ನಡುವೆ ಕುಂದ್ರಲೇನು, ಹುಚ್ಚಿ’ ಅಂದೆ ನಾನು.

ಪಾಸಾಗೋದು ಸುಮ್ನಾಗಿತ್ತೇನು? ಲೆಕ್ಚರರು ಪ್ರತಿಯೊಂದು ಲೆಕ್ಕಕ್ಕೂ ‘ಲೆಟ್ ಎಕ್ಸ್ ಬಿ ದಿ ನಂಬರ್’ ಅಂತಿದ್ರು. ನಾನು ಶ್ರದ್ಧಿಯಿಂದ ಎಕ್ಸ್ ಬರದೆ, ಬಿ ಬರದೆ. ಎಕ್ಸ್ ಸಿಗ್ತಿತ್ತು, ಬಿ ಎಲ್ಲೈತಿ ಅಂತ ಒಂದು ವಾರ ಹುಡುಕಿದೀನಿ! ಹೋಮ್‌ವರ್ಕಿನಾಗ ‘ಬಿ ಸಿಗಲಿಲ್ಲ, ಕ್ಷಮಿಸಬೇಕು’ ಅಂತ ಬರದು ಕೊಟ್ಟಿದ್ದೆ. ಅವರು ಅದರ ಪಕ್ಕ ಕೆಂಪು ಶಾಯಿಯಾಗ ‘ನನಗೂ ಸಿಕ್ಕಿಲ್ಲ’ ಅಂತ ಬರದು ವಾಪಸ್ ಕೊಟ್ರು. ‘ಫೈಂಡ್ ದಿ ರೂಟ್ಸ್’ ಅಂದ್ರ ಕುರುಗೋಡಿನಾಕಿಗೆ ಬಸ್ಸಿನ ರೂಟು. ಸಮೀಕರಣಕ್ಕ ಎರಡು ರೂಟು ಇರ್ತಾವು, ಒಮ್ಮೊಮ್ಮೆ ಎರಡೂ ಕಾಲ್ಪನಿಕ ಅಂದಾಗ ಅಕಿ ನನ್ನ ಕಿವಿಯಾಗ, ‘ನಮ್ಮೂರ ಸಂಜಿ ಬಸ್ಸೂ ಹಂಗೇಯ’ ಅಂದ್ಲು. ನಾ ನಕ್ಕ ನಗಿಗೆ ಇಬ್ಬರನ್ನೂ ಹೊರಗ ನಿಲ್ಲಿಸಿದ್ರು. ಹೊರಗ ನಿಂತೂ ನಕ್ವಿ.

ಇನ್ನ ಲಾಗ್ ಟೇಬಲ್ಲು. ಅದೇನು ದೊಡ್ಡದಲ್ಲ, ಬರೇ ಅಂಕಿ ತುಂಬಿದ ಒಂದು ತೆಳ್ಳನ ಪುಸ್ತಕ. ದೊಡ್ಡ ಗುಣಾಕಾರ ಭಾಗಾಕಾರನ ಬರೇ ಕೂಡೋದು ಕಳಿಯೋದ್ರಾಗ ಮುಗಿಸಾಕ ಬೇಕು. ಮುಂದಿನ ಅರ್ಧ ಲಾಗ್, ಹಿಂದಿನ ಅರ್ಧ ಆ್ಯಂಟಿಲಾಗ್. ಹೋಗಾಕ ಒಂದು, ವಾಪಸ್ ಬರಾಕ ಒಂದು. ಕುರುಗೋಡಿನಾಕಿ ಹತ್ರ ಅವರಣ್ಣನ ಹಳೇದಿತ್ತು, ರಟ್ಟು ಹೋಗಿ ಅರಿಶಿಣ ಮೆತ್ತಿದ್ದು. ನನಗಿರಲಿಲ್ಲ. ಬಳ್ಳಾರಿ ಅಂಗಡಿಗೋಳಾಗ ಕೇಳಿದ್ರ ‘ಖಾಲಿ ಆಗ್ಯಾವಮ್ಮ, ಮುಂದಿನ ವಾರ’ ಅಂತಿದ್ರು. ಆ ಮುಂದಿನ ವಾರ ಬರಲೇ ಇಲ್ಲ, ಟೆಸ್ಟು ಬಂತು. ಅಪ್ಪಗ ಕಾರ್ಡು ಹಾಕಿದೆ: ‘ಎಲ್ಲರಿಗೂ ಒಂದೊಂದು ಲಾಗ್ ಟೇಬಲ್ ಬೇಕೇಬೇಕು. ಇಲ್ಲಾಂದ್ರ ಟೆಸ್ಟಿಗೆ ಕುಂದ್ರಸಂಗಿಲ್ಲ. ಇಲ್ಲಿ ಸಿಗವಲ್ದು. ಸಿರುಗುಪ್ಪದಾಗ ಸಿಕ್ಕರ ಗುರುವಾರ ಹತ್ತು ಗಂಟಿಯೊಳಗ ಕಾಲೇಜಿಗೆ ತಗೊಂಡು ಬಾ.’

ಗುರುವಾರ ಹನ್ನೊಂದಕ್ಕ ಟೆಸ್ಟು. ಹತ್ತೂವರಿ ಆತು, ಅಪ್ಪನ ಸುಳಿವಿಲ್ಲ. ಗೇಟಿನ ಹತ್ರ ನಾನು ಉಗುರು ಕಡಿಯಾಕ ಹತ್ತಿದ್ದೆ, ಕುರುಗೋಡಿನಾಕಿ ‘ಬರ್ತಾನ ಬಿಡಲೇ’ ಅಂತ ಬೆನ್ನು ಸವರಾಕ ಹತ್ತಿದ್ಲು. ಅಷ್ಟರಾಗ ಒಂದು ಜಟಕಾ ಬಂತು. ಜಟಕಾದ ತುಂಬ ಟೇಬಲ್ಲು. ನಾಕೂ ಕಾಲು ಮ್ಯಾಲೆ ಮಾಡಿ ಮಲಗಿತ್ತು. ಕಾಲುಗಳ ನಡುವೆ, ರುಮಾಲು ಸುತ್ತಿಕೊಂಡು, ನಮ್ಮಪ್ಪ.

‘ತಂದೀನವ್ವಾ!’ ಅಂತ ಕೂಗಿದ. ‘ಸಿರುಗುಪ್ಪದಾಗೂ ಎಲ್ಲೂ ಇರಲಿಲ್ಲ. ಬಡಿಗ್ಯಾನ ಕಡಿಂದ ಮಾಡಿಸೀನಿ.’

ನನಗ ಮೊದಲು ತಿಳೀಲಿಲ್ಲ. ತಿಳಿದ ಮ್ಯಾಲೆ ನಿಲ್ಲಾಕಾಗಲಿಲ್ಲ. ನಮ್ಮ ಕಡೆ ಲಾಗ ಅಂದ್ರ ತಲಿ ನೆಲಕ್ಕ ಊರಿ, ಕಾಲು ಮ್ಯಾಲೆ ಮಾಡಿ ಉರುಳೋದು. ಅಪ್ಪಗ ಕಾರ್ಡು ಓದಿ ಹೇಳಿದ ಪೋಸ್ಟಿನವನು, ಟೇಬಲ್ ಮಾಡಿದ ಬಡಿಗ್ಯಾನು, ಅಪ್ಪ, ಮೂರೂ ಮಂದಿ ಕುಂತು ವಿಚಾರ ಮಾಡ್ಯಾರ. ಕಾಲೇಜಿನಾಗ ಕಸರತ್ತು ಕಲಿಸ್ತಾರ, ಹುಡುಗೀರು ನೆಲದ ಮ್ಯಾಲೆ ಉರುಳಿದ್ರ ಚಂದ ಕಾಣಂಗಿಲ್ಲ, ಅದಕ್ಕ ಮರ್ಯಾದಿಯಿಂದ ಟೇಬಲ್ ಇಟ್ಟಾರ ಅಂತ ತೀರ್ಮಾನ ಆಗೇತಿ. ಅಯ್ಯೋ ಶಿವನೇ! ನಾನು ಗೇಟಿನಾಗೇ ಕುಕ್ಕರಿಸಿ ಕುಂತು ಹೊಟ್ಟಿ ಹಿಡಕೊಂಡು ನಕ್ಕೆ. ನಗತಾ ನಗತಾ ಕಣ್ಣಾಗ ನೀರು ಬಂತು, ಬಂದ ಮ್ಯಾಲೆ ನಿಲ್ಲಲಿಲ್ಲ, ಯಾಕಂದ್ರ ಇಪ್ಪತ್ತು ನಿಮಿಷದಾಗ ಟೆಸ್ಟಿತ್ತು, ನನ್ನ ಹತ್ರ ಪುಸ್ತಕ ಇರಲಿಲ್ಲ. ಅಪ್ಪ ಪಾಪ, ನಾ ಸಂತೋಷಕ್ಕ ಅಳಾಕ ಹತ್ತೀನಿ ಅಂತ ತಿಳಕೊಂಡ.

ಗದ್ದಲ ಕೇಳಿ ಲೆಕ್ಚರರು ಬಂದ್ರು. ಅಪ್ಪ ಕೈ ಮುಗಿದು, ‘ಸಾರ್, ಜಾಲಿ ಮರದ್ದು. ಹತ್ತು ಮಂದಿ ಲಾಗ ಹೊಡದ್ರೂ ಅಲುಗಂಗಿಲ್ಲ. ಬೇಕಂದ್ರ ನಾನೇ ಒಂದು ಹೊಡದು ತೋರಸ್ಲೇನ್ರಿ?’ ಅಂತ ರುಮಾಲು ಬಿಚ್ಚಾಕ ಹೋದ.

‘ವದ್ದಂಡಿ, ವದ್ದಂಡಿ!’ ಅಂತ ಬ್ಯಾಡ ಬ್ಯಾಡ ಅಂದ್ರು ಲೆಕ್ಚರರು. ಮೀಸಿ ಕುಣಿಯಾಕ ಹತ್ತಿತ್ತು, ಆದ್ರ ನಗಲಿಲ್ಲ. ನನ್ನ ಕಡೆ ತಿರುಗಿ, ‘ಪುಸ್ತಕ ಇಲ್ಲ ಅಂದ್ರೆ ಒಳಗೆ ಬಿಡಲ್ಲಮ್ಮಾ. ರೂಲ್ ಅಂದ್ರೆ ರೂಲ್’ ಅಂದ್ರು.

ಪರ್ ಅಂತ ಸಪ್ಪಳಾತು. ಕುರುಗೋಡಿನಾಕಿ ತನ್ನ ಪುಸ್ತಕನ ನಡುವಿಗೆ ಹರಿದು ಎರಡು ಮಾಡಿದ್ಲು. ‘ಸಾರ್, ಈಗ ಇಬ್ಬರ ಹತ್ರನೂ ಐತಿ’ ಅಂತ ಮುಂದಿನ ಅರ್ಧ ನನ್ನ ಕೈಯಾಗ ತುರುಕಿ, ಹಿಂದಿನದು ತಾ ಇಟಗೊಂಡ್ಲು. ಲೆಕ್ಚರರು ಎರಡೂ ತುಂಡು ನೋಡಿದ್ರು. ಆಮ್ಯಾಲೆ ‘ಅರ್ಧ ಟೇಬಲ್ಲೂ ಟೇಬಲ್ಲೇ’ ಅಂತ ದಾರಿ ಬಿಟ್ರು. ಒಳಗ ನಮ್ಮಿಬ್ಬರನ್ನ ಆ ಮೂಲಿಗೊಬ್ಬರು, ಈ ಮೂಲಿಗೊಬ್ಬರು ಮಾಡಿ ಕುಂದ್ರಿಸಿದ್ರು.

ಇದ್ದಬದ್ದದ್ದೆಲ್ಲ ಬರದೆ. ಕಡೀಕ ಎಂಟು ಮಾರ್ಕಿನ ಲಾಗ್ ಲೆಕ್ಕ. ಮುಂದಿನ ಅರ್ಧ ನನ್ನ ಹತ್ರ ಇತ್ತಲ್ಲ, ಹೋಗೋದು ಹೋದೆ, ಕೂಡಿದೆ, ಕಳದೆ. ವಾಪಸ್ ಬರಾಕ ಆ್ಯಂಟಿಲಾಗ್ ಬೇಕು, ಅದು ಆ ಮೂಲಿಯಾಗ ಅಕಿ ಕೈಯಾಗ. ಪೆನ್ನು ಕಚ್ಚಿಕೊಂಡು ಆ ಅಂಕಿಗಳನ್ನೇ ನೋಡ್ತಾ ಕುಂತೆ. ನೋಡ್ತಾ ನೋಡ್ತಾ ತಲಿಯಾಗ ಏನೋ ಫಕ್ಕನ ಹೊಳೀತು. ಅಲ್ಲಲೇ, ಬಂದದ್ದು ಇದೇ ದಾರಿಯಲ್ಲೇನು? ತಿರುಗಿ ನಡದ್ರ ವಾಪಸ್ ಬಂದಂಗೇ ಆತಲ್ಲ! ಅಂಚಿನಿಂದ ಒಳಗ ಹೋಗೋ ಬದಲು, ಒಳಗಿನ ಅಂಕಿ ಹುಡುಕಿ ಅಂಚಿಗೆ ಬಂದ್ರ ಮುಗೀತು. ಟೇಬಲ್ಲಿಗೇ ಒಂದು ಲಾಗ ಹೊಡಿಸಿದೆ, ಉತ್ತರ ಉರುಳಿಬಂತು. ಅಪ್ಪ ಹೇಳಿದ್ದು ಅರ್ಧ ಖರೇನೇ ಆತಲ್ಲ ಅಂತ ಜೋರಾಗಿ ನಕ್ಕೆ. ‘ಏಂಟಮ್ಮಾ ಆ ನವ್ವು?’ ಅಂತ ಲೆಕ್ಚರರು ನನ್ನ ನಗಿಗೆ ಗದರಿಸಿದ್ರು. ನಗಿ ನುಂಗಿದ್ರೂ ಬಿಕ್ಕಳಿಕಿ ಬರಾಕ ಹತ್ತಿತ್ತು.

ಹೊರಗ ಬಂದ್ರ ಅಪ್ಪ ವರಾಂಡದಾಗ ಆ ಟೇಬಲ್ ಮ್ಯಾಲೆ ಕಾಲು ಇಳಿಬಿಟ್ಟು ಕುಂತಿದ್ದ. ‘ಸಿಕ್ತೇನವ್ವಾ ಎಕ್ಸು?’ ಅಂದ. ಸಿಕ್ತಪ್ಪ ಅಂತ ಹೇಳಿ, ಲಾಗ್ ಟೇಬಲ್ ಅಂದ್ರ ಏನು ಅಂತ ಆ ಅರ್ಧ ಪುಸ್ತಕ ತೋರಿಸಿದೆ. ಹಿಂದ ಮುಂದ ತಿರುವಿ ನೋಡಿ, ‘ಥೂ ಇದರ! ನಾಕು ಕಾಲಿಲ್ಲ, ಏನಿಲ್ಲ, ಇದಕ್ಕ ಯಾವ ಪುಣ್ಯಾತ್ಮ ಟೇಬಲ್ ಅಂದ?’ ಅಂತ ಸಿಟ್ಟು ಮಾಡಿದ. ಆಮ್ಯಾಲೆ ನನಗಿಂತ ಜೋರಾಗಿ ಅವನೇ ನಕ್ಕ. ಟೇಬಲ್ಲು ವಾಪಸ್ ಒಯ್ಯಲಿಲ್ಲ. ಕಾಲೇಜಿನ ಜವಾನ ಅದರ ಮ್ಯಾಲೆ ನೀರಿನ ಹಂಡೆ ಇಟಗೊಂಡ.

ಕುರುಗೋಡಿನಾಕಿ ಮಾತ್ರ ನಗಲಿಲ್ಲ. ಹೋಗಾಕ ಬೇಕಾದ ಅರ್ಧ ನನ್ನ ಹತ್ರ ಇತ್ತು, ಲಾಗ್ ಲೆಕ್ಕ ಅಕಿ ಮುಟ್ಟೇ ಇರಲಿಲ್ಲ. ನಾ ಮಾಡಿದ್ದು ಹೆಂಗ ಅಂತ ಹೇಳಾಕ ಹೋದ್ರ, ‘ಈಗ ಹೇಳಿ ಏನು ಮಾಡ್ತೀ, ಬಿಡು, ಬಸ್ಸು ಬಂತು’ ಅಂತ ಓಡಿದ್ಲು.

ಎಂಟು ದಿನಕ್ಕ ಮಾರ್ಕು ಓದಿದ್ರು. ನನಗ ಮೂವತ್ತೊಂಬತ್ತು. ಆ ಎಂಟು ಇರಲಿಲ್ಲಾಂದ್ರ ಮೂವತ್ತೊಂದು, ಕತಿ ಮುಗೀತಿತ್ತು. ಅಕಿಗೆ ಮೂವತ್ತು. ‘ಆರ್ಟ್ಸ್’ ಅಂತ ಹೇಳಿ ಲೆಕ್ಚರರು ಮುಂದಿನ ನಂಬರಿಗೆ ಹೋದ್ರು. ಅಕಿ ಸದ್ದಿಲ್ಲದಂಗ ನೋಟ್‌ಬುಕ್ಕು ಚೀಲಕ್ಕ ಹಾಕಾಕ ಹತ್ತಿದ್ಲು. ನನಗ ಎಲ್ಲಿತ್ತೋ ಸಿಟ್ಟು, ನೆತ್ತಿಗೆ ಏರಿಬಿಡ್ತು. ಎದ್ದು ನಿಂತೆ.

‘ಸಾರ್, ಅಕಿ ಪುಸ್ತಕ ಹರಿದದ್ದು ನನಗಾಗಿ. ಪೂರಾ ಪುಸ್ತಕ ಇದ್ದಿದ್ರ ಅಕಿ ಪಾಸು, ನಾ ಬಾಗಿಲ ಹೊರಗ. ನೀವೇ ನೋಡೀರಿ. ಕಳಿಸೋದಾದ್ರ ನನ್ನ ಕಳಿಸ್ರಿ!’

ಹೇಳಿದ್ದೇನೋ ಹೇಳಿದೆ, ಎಲ್ಲಿ ಹ್ಞೂಂ ಅಂದುಬಿಡ್ತಾರೋ ಅಂತ ಬೆಂಚಿನ ಅಂಚು ಗಟ್ಟಿ ಹಿಡಕೊಂಡೆ. ಲೆಕ್ಚರರು ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಂಡ್ರು. ಅಕಿನ್ನ ಮುಂದ ಕರದ್ರು. ‘ಆ ಅರ್ಧ ಪುಸ್ತಕ ಇದ್ಯಾ? ಅದರಲ್ಲೇ ಎರಡರ ಲಾಗ್ ನೋಡಿ ಹೇಳಮ್ಮಾ.’

ಹಿಂದಿನ ಬೆಂಚಿನ ಹುಡುಗರು ಕಿಸಿಕಿಸಿ ನಕ್ರು. ಅಕಿ ಹತ್ರ ಇದ್ದದ್ದು ಆ್ಯಂಟಿಲಾಗು, ಅದರಾಗ ಲಾಗ್ ಎಲ್ಲಿಂದ ಬರ್ಬೇಕು? ಅಕಿ ಪುಟ ತಿರುವಿದ್ಲು. ನಿಂತ್ಲು. ಮತ್ತ ತಿರುವಿದ್ಲು. ನಾನು ಹಲ್ಲು ಕಚ್ಚಿ ಮನಸಿನಾಗ ಕೂಗಾಕ ಹತ್ತಿದ್ದೆ: ತಿರುಗಿ ನಡಿಯಲೇ, ತಿರುಗಿ ನಡಿ! ಅಕಿ ಬಟ್ಟು ಪುಟದ ನಡುವೆ ಒಂದು ಕಡೆ ನಿಂತಿತು. ಅಲ್ಲಿಂದ ಮೆಲ್ಲಕ ಎಡಕ್ಕ ಸರೀತು, ಅಂಚಿಗೆ ಬಂತು.

‘ಪಾಯಿಂಟ್ ಮೂರು... ಸೊನ್ನಿ, ಒಂದು, ಸೊನ್ನಿ.’

‘ಎಲಾ ಬಂತು? ಹೇಗೆ?’

‘ಒಳಗ ಎರಡು ಎಲ್ಲೈತಿ ಅಂತ ಹುಡುಕಿದೆ, ಸಾರ್. ಅಲ್ಲಿಂದ ಹೊರಗ ಬಂದೆ.’

ಲೆಕ್ಚರರು ಅಕಿ ಪೇಪರು ಹುಡುಕಿ ತೆಗದು, ಕೆಂಪು ಪೆನ್ನಿನಾಗ ಆ ಮೂವತ್ತನ್ನ ಹೊಡದು ಬ್ಯಾರೆ ಏನೋ ಬರದ್ರು. ಎಷ್ಟು ಅಂತ ಹೇಳಲಿಲ್ಲ. ತಲಿ ಎತ್ತದಂಗ ‘ಕೂರ್ಚೋಮ್ಮಾ’ ಅಂದ್ರು.

ಅಕಿ ಹೆಗಲಿಗೆ ಚೀಲ ಹಾಕ್ಕೊಂಡು ನಿಂತೇ ಇದ್ಲು. ‘ಎಲ್ಲಿ ಕುಂದ್ರಲಿ, ಸಾರ್?’ ಅಂದ್ಲು.

‘ಎಲ್ಲೇನಮ್ಮಾ? ನಿನ್ನ ಜಾಗದಲ್ಲಿ.’

ನಾನಾಗಲೇ ಬೆಂಚಿನ ತುದಿಗೆ ಸರದು ಬಿಟ್ಟಿದ್ದೆ. ಇನ್ನೊಂದು ಬಟ್ಟು ಸರದಿದ್ರ ಕೆಳಗ ಬೀಳ್ತಿದ್ದೆ.