ಸಡಿಲ ಬ್ಯಾಂಡೇಜು

ಓದಿದವರಿಗೆ, ಅದರಲ್ಲೂ ನರ್ಸಿಂಗ್ ಓದುವವರಿಗೆ, ಮನೋರೋಗಿಗಳ ಬಗ್ಗೆ ಅಳುಕಿರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನೀವೂ ಹೇಳಿರಬಹುದು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ನಾಲಿಗೆ ಇದನ್ನು ಒಪ್ಪದು. ನನ್ನ ಸಾಕ್ಷಿ, ಈಗ ನನ್ನ ಮಡಿಲಲ್ಲಿರುವ, ತೊಳೆದು ಒಣಗಿಸಿ ಮತ್ತೆ ಸುರುಳಿ ಸುತ್ತಬೇಕಾದ ಈ ಬ್ಯಾಂಡೇಜು ಬಟ್ಟೆ.

ಜ್ವರಕ್ಕೆ ಥರ್ಮಾಮೀಟರ್ ಇದ್ದ ಹಾಗೆ ಅಳುಕಿಗೂ ಒಂದು ಅಳತೆ ಬೇಕಲ್ಲ! ರಾಮನಗರದ ನಮ್ಮ ನರ್ಸಿಂಗ್ ಶಾಲೆಯಲ್ಲಿ ಮೇಡಂ ಅದಕ್ಕೆಂದೇ ಪ್ರಶ್ನಾವಳಿ ಹಂಚಿದರು. ಮನೋರೋಗದಿಂದ ಚೇತರಿಸಿಕೊಂಡವರ ಜೊತೆ ಕೆಲಸ ಮಾಡುವಿರಾ? ಇಡೀ ತರಗತಿ ‘ಖಂಡಿತ’ಕ್ಕೆ ಗುರುತು ಹಾಕಿತು. ಇಷ್ಟೊಂದು ಒಳ್ಳೆಯವರು ಒಂದೇ ಕೋಣೆಯಲ್ಲಿ ಸೇರಿದ್ದು ಹೇಗೆಂದು ನನಗೆ ಆಗಲೇ ಸಂಶಯ.

ಮರುದಿನ ಬ್ಯಾಂಡೇಜಿನ ಪರೀಕ್ಷೆ. ಒಬ್ಬರ ತಲೆಗೆ ಇನ್ನೊಬ್ಬರು ಕಟ್ಟಬೇಕು. ಜೋಡಿ ಸಿಗದವರಿಗೆ ಪರೀಕ್ಷೆಯಿಲ್ಲ, ಅಂದರೆ ನಪಾಸು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದು ಕೆಲವು ತಿಂಗಳ ಬಳಿಕ ತರಗತಿಗೆ ಮರಳಿದ್ದ ಉಯ್ಯಂಬಳ್ಳಿಯ ರೂಪಾ ಸುರುಳಿ ಹಿಡಿದು ನಿಂತೇ ಇದ್ದಳು. ‘ಖಂಡಿತ’ ಎಂದಿದ್ದ ತಲೆಗಳೆಲ್ಲ ಅಷ್ಟರಲ್ಲಿ ಎಣ್ಣೆ ಹಚ್ಚಿಕೊಂಡಿದ್ದವು, ನೋಯತೊಡಗಿದ್ದವು, ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದವು.

“ಈ ಸಲಾನೂ ಪರೀಕ್ಸೆ ತಪ್ಪುದ್ರೆ ಓದ್ ಸಾಕು, ಊರ್ಗೇ ಬಾ ಅಂತಾನೆ ಕಣೇ ನಮ್ಮಪ್ಪ,” ಎಂದಳು ನನ್ನ ಬಳಿ ಬಂದು.

ನಾನು ಸ್ಟೂಲಿನ ಮೇಲೆ ಕೂತೆ. ಅವಳ ಕೈ ಚಕಚಕ ಓಡಿತು.

“ಬಿಗಿಯಾಯ್ತೇನೇ?”

“ಒಸಿ.”

“ಇರ್ಲಿ ಬುಡು. ನಿನ್ ವಾದ ಆಚ್ಗೆ ಬರ್ದಂಗೆ ಬೇಕಂತ್ಲೇ ಕಟ್ಟಿವ್ನಿ.”

ಕೋಣೆಯೇ ನಕ್ಕಿತು, ಮೇಡಂ ಅವಳಿಗೆ ಪೂರ್ತಿ ಅಂಕ ಕೊಟ್ಟರು. ರೂಪಾ ಪಾಸಾದಳು, ಓದಿದವರಿಗೂ ಅಳುಕಿದೆ ಎಂಬ ನನ್ನ ವಾದವೂ ಗೆದ್ದಿತು ಎಂದು ಬೀಗುತ್ತಲೇ ನಾನು ಎದ್ದೆ.

ಮುಂದಿನದು ನನ್ನ ಸರದಿ. ಅವಳ ಹಣೆ ಮುಟ್ಟಿದ ಬೆರಳುಗಳು ಅಲ್ಲೇ ತಡೆದವು. ಯಾರ ತಲೆಯನ್ನೂ ನಾನು ಅಷ್ಟು ಮೆಲ್ಲಗೆ ಮುಟ್ಟಿದವಳಲ್ಲ.

“ಎಳ್ದು ಕಟ್ಟೇ! ನನ್ ತಲೆಯೇನ್ ಮೊಟ್ಟೆನಾ?”

ಎಳೆಯಲಾಗಲಿಲ್ಲ. ಅವಳು ಕತ್ತು ಆಡಿಸಿದ್ದೇ ತಡ, ಬ್ಯಾಂಡೇಜು ಜಾರಿ ಕೊರಳ ಹಾರವಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಎಲ್ಲರಿಗಿಂತ ಕಡಿಮೆ ಅಂಕ ನನ್ನದೇ.

ದೂರ ಸರಿಯುವವರನ್ನು ಹೇಗೋ ಅಳೆಯಬಹುದು. ಪಕ್ಕದಲ್ಲೇ ನಿಂತು, ಒಡೆದೀತೆಂದು ಗಾಜಿನ ಲೋಟದಂತೆ ಹಿಡಿಯುವ ಕೈಯನ್ನು ಯಾವ ಪ್ರಶ್ನಾವಳಿ ಅಳೆದೀತು? ಅದನ್ನು ಕರುಣೆಯೆಂದು ಕರೆದು, ವಾದಿಸಿ ಗೆಲ್ಲಲು ನನಗೆ ಎರಡು ನಿಮಿಷ ಸಾಕು. ಆದರೆ ಈಗ ನನ್ನ ಮಡಿಲಲ್ಲಿರುವ ಈ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದು ಎದುರಿಗೆ ಕೂತಿರುವವಳು ರೂಪಾ. ನಾನು ಸುತ್ತುವುದನ್ನು ನಿಲ್ಲಿಸಿ ಕೇಳಿಯೇಬಿಟ್ಟೆ:

“ರೂಪಾ, ಅವತ್ತು ನನ್ ಕೈ ಸಡಿಲ ಆಗಿದ್ದು ಪ್ರೀತಿಗೋ, ಭಯಕ್ಕೋ? ನಿಂಗೇನನ್ನಿಸ್ತು?”