ಮೊದಲು ಹೆಸರು, ಆಮೇಲೆ ಹಾಡು

ಕೊಲ್ಲಿ ನಾಡಿನ ಕರಾಮದ ನಮ್ಮ ಟೆರೇಸಿನಲ್ಲಿ ಸಹೋದ್ಯೋಗಿ ಒಟಿಯೆನೊ ತನ್ನ ಕೀನ್ಯಾದ ಭಾಷೆಯಲ್ಲೇ ರ‍್ಯಾಪ್ ಹಾಡುತ್ತಾನೆ. ಯಾವ ಕಂಪನಿಯ ಹಂಗೂ ಇಲ್ಲ; ತಾನೇ ಬರೆದು ತಾನೇ ಹಂಚುತ್ತಾನೆ. ಹಾಡಿಗೆ ಮೊದಲು ತನ್ನ ಹೆಸರು ಕೂಗುತ್ತಾನೆ. ಯಾಕೆಂದು ಕೇಳಿದೆ.

“ಇಲ್ಲಾಂದ್ರೆ ಬೇರೆಯವನು ನನ್ನ ಹಾಡಿಗೆ ತನ್ನ ಹೆಸರು ಕೂಗ್ತಾನೆ, ಬ್ರೋ.”

ಥಟ್ಟನೆ ನಾನು ಹುಡುಗನಾಗಿದ್ದಾಗ ನಡೆದ ಸೋದರತ್ತೆಯ ಮದುವೆ ನೆನಪಾಯಿತು. ಆಗ ಊಟದ ಪಂಕ್ತಿಯಲ್ಲಿ ಪದ್ಯ ಹೇಳುವ ರೂಢಿ. ನನ್ನ ಮೊದಲ ಪ್ರಾಸವನ್ನು ಚಿಕ್ಕಪ್ಪನ ಕಿವಿಯಲ್ಲಿ ಉಸುರಿದ್ದೆ. ಆತ ಮೀಸೆ ತಿರುವಿ, “ನಾನೇ ಕಟ್ಟಿದ್ದು” ಎಂದು ಶುರುಮಾಡಿದ:

“ಮದುವೆ ಮನೆಗೆ ಹಸಿದು ಬಂದೆ,
ಹೋಳ್ಗೆ ಖಾಲಿ, ಎಲೆಯ ತಿಂದೆ!”

ಪಂಕ್ತಿಯೆಲ್ಲ ನಕ್ಕಿತು. “ಅದು ನಂದು!” ಎಂದೆ.

“ದೊಡ್ಡೋರ ಮುಂದೆ ಸುಳ್ಳು ಹೇಳ್ತೀಯಾ?” ಅಪ್ಪ ಗದರಿದರು.

“ಪಾಪ, ಅವನಿಗೂ ಒಂದು ಹೋಳಿಗೆ ಹಾಕಿ” ಎಂದ ಚಿಕ್ಕಪ್ಪ. ಆ ಹೋಳಿಗೆ ಇಂದಿಗೂ ಗಂಟಲಿನಿಂದ ಇಳಿದಿಲ್ಲ.

ನಿನ್ನೆ ಒಟಿಯೆನೊ, “ಯಲ್ಲಾ, ಶುರುಮಾಡು!” ಎಂದು ಮೈಕ್ ಕೊಟ್ಟ. ಊರಿನ ಚಿಕ್ಕಪ್ಪನಿಗೂ ಕೇಳಿಸುವಂತೆ ಮೊದಲು ನನ್ನ ಹೆಸರು ಕೂಗಿದೆ. ಆಮೇಲೆ ಅದೇ ಹೋಳಿಗೆ ಪದ್ಯ.